ಮೊದಲ ಸಾಲು ಯಾಕೆ ಖಾಲಿ?

ಬಹಳ ದಿನಗಳಾಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಒಂದು ಖಾಲಿ ಸಾಲಿನ ಹಿಂದೆ ಬಿದ್ದು ಮೂರು ವಾರ ಹೋಯ್ತು. ಆಮೇಲೆ ಒಂದಿಷ್ಟು ದಿನ ಬರೆಯೋಕೆ ಮುಖ ಇರಲಿಲ್ಲ. ಇವತ್ತು ಬರೆದುಬಿಡ್ತೀನಿ. ಸ್ವಲ್ಪ ಕಂಪ್ಯೂಟರ್ ಕೊರೆತ ಇದೆ. ಹಾಲಿನ ವಿಷಯವೂ ಇದೆ, ಹಾಗಾಗಿ ಅರ್ಧಕ್ಕೇ ಎದ್ದು ಹೋಗಬೇಡಿ :)

ನಾನು ಏನು ಕೆಲಸ ಮಾಡ್ತೀನಿ ಅನ್ನೋದು ನಮ್ಮಪ್ಪನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಮೊನ್ನೆ ಕುವೆಂಪುನಗರದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಫೋನ್ ಬಂತು. "ಇಲ್ಲ ಇಲ್ಲ, ತಪ್ಪು ಕರ್ನಲ್‌ದಲ್ಲ, ನನ್ನದೇ" ಅಂದೆ. ಅಪ್ಪ ಅನ್ನ ಕಲಸ್ತಾ ಇದ್ದವರು ಕೈ ನಿಲ್ಲಿಸಿ, "ಯಾವ ಕರ್ನಲ್ಲೋ? ಮಿಲ್ಟ್ರಿಯವರ ಹತ್ರ ಏನೋ ನಿನ್ನ ಜಗಳ?" ಅಂದರು. "ಆ ಕರ್ನಲ್ ಅಲ್ಲಪ್ಪ, ಕಂಪ್ಯೂಟರಿನ ತಿರುಳು. ತೆಂಗಿನಕಾಯೊಳಗೆ ಕೊಬ್ಬರಿ ಇರಲ್ವೆ, ಹಾಗೆ" ಅಂದೆ. "ತಪ್ಪು ನಿನ್ನದು ಅಂದ್ಯಲ್ಲ, ಅದೇನು?" ಅಂದರು. ಅದಕ್ಕೆ ಉತ್ತರ ಕೊಡೋಕೆ ಮಜ್ಜಿಗೆ ಅನ್ನದ ತನಕ ಬೇಕಾಯ್ತು. ಅಪ್ಪನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ನಮ್ಮದು ಮೈಸೂರಿನಲ್ಲಿ ಹತ್ತು ಜನರ ಪುಟ್ಟ ಆಫೀಸು. ಹಳ್ಳಿಗಳ ಹಾಲಿನ ಡೈರಿಯಲ್ಲಿ ತೂಕದ ಮಿಷನ್ನಿಗೂ ಫ್ಯಾಟ್ ನೋಡೋ ಮಿಷನ್ನಿಗೂ ಜೋಡಿಸುವ ಒಂದು ಡಬ್ಬಿ ಮಾಡ್ತೀವಿ. ಒಳಗಿರೋದು ಲಿನಕ್ಸ್. ಹಾಲಿನ ದುಡ್ಡು ಬರೀ ಲೀಟರಿನ ಲೆಕ್ಕ ಅಲ್ಲ. ಕೊಬ್ಬಿನ ಅಂಶ ಎಷ್ಟು, ಕೊಬ್ಬು ಬಿಟ್ಟು ಉಳಿದ ಘನಾಂಶ ಎಷ್ಟು, ಎರಡನ್ನೂ ನೋಡಿ ದರಪಟ್ಟಿಯ ಪ್ರಕಾರ ಲೆಕ್ಕ ಹಾಕಬೇಕು. ಆ ಲೆಕ್ಕ ಹಾಕಿ ಒಂದು ಚೀಟಿ ಪ್ರಿಂಟ್ ಮಾಡಿ ಕೊಡೋದು ನಮ್ಮ ಡಬ್ಬಿಯ ಕೆಲಸ. ರೈತರು ಆ ಚೀಟಿಯನ್ನ ಜೋಪಾನವಾಗಿ ಇಟ್ಟುಕೊಂಡು ಬಟವಾಡೆ ದಿನ ತಾಳೆ ನೋಡ್ತಾರೆ.

ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಿಂದ ದೂರು ಬಂತು. ಊರಿನ ಹೆಸರು ಬೇಡ. ಕೆಲವು ದಿನ ಬೆಳಿಗ್ಗೆ ಚೀಟಿಯಲ್ಲಿ ಹಳೇ ದರ ಬರ್ತಾ ಇದೆ, ಲೀಟರಿಗೆ ಒಂದೂವರೆ ರೂಪಾಯಿ ಕಡಿಮೆ ಅಂತ. ಸಂಜೆ ಹೊತ್ತಿಗೆ ಮತ್ತೆ ಸರಿ. ದಿನಾ ಆಗಲ್ಲ, ಯಾವಾಗಲೋ ಒಂದು ಸಲ. ಹೀಗೆ ಬಂದು ಹೋಗೋ ತೊಂದರೆಯಷ್ಟು ಕಿರಿಕಿರಿ ಬೇರೆ ಇಲ್ಲ. ಜನಕ್ಕೆ ಡಬ್ಬಿಯ ಮೇಲೆ ಅನುಮಾನ ಬರಲಿಲ್ಲ. ಮಿಷನ್ ಸುಳ್ಳು ಹೇಳುತ್ತಾ? ಅನುಮಾನ ಬಂದದ್ದು ಡೈರಿ ಸೆಕ್ರೆಟ್ರಿ ಮೇಲೆ.

ನಮ್ಮ ಪ್ರೋಗ್ರಾಂ ಯಾವ ಫೈಲಿನಿಂದ ದರ ಓದ್ತಾ ಇದೆ ಅಂತ ತಿಳಿಯಬೇಕಿತ್ತು. ಪ್ರೋಗ್ರಾಮನ್ನು ಮುಟ್ಟದೆ, ಡೈರಿ ಕೆಲಸ ನಿಲ್ಲಿಸದೆ ಇದನ್ನು ನೋಡೋಕೆ ಲಿನಕ್ಸ್‌ನಲ್ಲೇ ದಾರಿ ಇದೆ. ಯಾವ ಪ್ರೋಗ್ರಾಂ ಆಗಲಿ, ಫೈಲ್ ತೆರೀಬೇಕಾದರೆ ಕರ್ನಲ್ ಹತ್ತಿರ ಬಂದು ಕೇಳಲೇಬೇಕು. ಆ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರೆ ಆಯ್ತು. ಈ ಕಾವಲುಗಾರನ ಹೆಸರು ಕೆಪ್ರೋಬ್. ನಾವು ತೋರಿಸಿದ ಜಾಗದಲ್ಲಿ, ಓಡ್ತಾ ಇರೋ ಕರ್ನಲ್‌ನೊಳಗೇ, ಒಂದು ಸೂಚನೆಯನ್ನು ತೆಗೆದು ಬ್ರೇಕ್‌ಪಾಯಿಂಟ್ ಕೂರಿಸುತ್ತೆ. ಪ್ರೊಸೆಸರ್ ಅಲ್ಲಿಗೆ ಬಂದು ಎಡವಿದ ಕೂಡಲೇ ನಮಗೆ ಬೇಕಾದ್ದನ್ನು ಬರೆದುಕೊಂಡು, ತೆಗೆದಿಟ್ಟ ಸೂಚನೆಯ ನಕಲನ್ನು ಬೇರೆ ಕಡೆ ನಡೆಸಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಂದಕ್ಕೆ ಕಳಿಸುತ್ತೆ.

ಅಂದ ಹಾಗೆ ಇದು ಎಲ್ಲೋ ಅಮೆರಿಕದಿಂದಷ್ಟೇ ಬಂದದ್ದು ಅಂದುಕೊಂಡಿದ್ದೆ. ಕೆಪ್ರೋಬ್ಸ್‌ನ ಮೂಲ ಕಡತ ತೆರೆದರೆ ತಲೆಯಲ್ಲೇ ಹೆಸರುಗಳಿವೆ. 2002ರ ಅಕ್ಟೋಬರಿನಲ್ಲಿ ವಂಶಿ ಕೃಷ್ಣ, 2004ರಲ್ಲಿ ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ. ಐಬಿಎಂನ ಬೆಂಗಳೂರು ಲಿನಕ್ಸ್ ತಂಡದ ಕೈ ಇದರಲ್ಲಿ ದೊಡ್ಡದು. 2004ರ ಅಕ್ಟೋಬರಿನಲ್ಲಿ 2.6.9 ಆವೃತ್ತಿಯೊಂದಿಗೆ ಇದು ಮುಖ್ಯ ಲಿನಕ್ಸ್‌ಗೆ ಸೇರಿತು. 2006ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಇದರ ಒಳಹೊರಗನ್ನೆಲ್ಲಾ ವಿವರಿಸುವ ಪ್ರಬಂಧ ಬಂತು, ಅದರ ಮೊದಲ ಹೆಸರು ಅನಂತ್ ಮಾವಿನಕಾಯನಹಳ್ಳಿ. ಆ ಹೆಸರನ್ನು ಪ್ರಪಂಚದ ಬೇರೆ ಪ್ರೋಗ್ರಾಮರುಗಳು ಹೇಗೆ ಓದ್ತಾರೋ ಗೊತ್ತಿಲ್ಲ, ನಾನಂತೂ ಒಂದೇ ಉಸಿರಿಗೆ ಓದಿದೆ :) ಇಲ್ಲಿಂದ 140 ಕಿಲೋಮೀಟರ್ ಆಚೆ ಕೂತವರು ಮಾಡಿದ ಕಿಟಕಿಯಲ್ಲಿ ನಾನು ಇಣುಕ್ತಾ ಇದ್ದೆ. ಆ ಕಿಟಕಿಯನ್ನು ಕಮಾಂಡ್ ಸಾಲಿನಿಂದಲೇ ಬಳಸೋ ಹಾಗೆ ಮಾಡಿದ್ದು ಜಪಾನಿನ ಮಸಾಮಿ ಹಿರಮತ್ಸು, ಅದು 2010ರ 2.6.33ರಲ್ಲಿ ಬಂತು.

ಸರಿ, ಡಬ್ಬಿಯಲ್ಲಿ ಕಾವಲು ಹಾಕಿದೆ. ಒಂದು ವಾರ ಬಿಟ್ಟು ಲಾಗ್ ತರಿಸಿ ನೋಡಿದೆ. ತಪ್ಪು ದರ ಬಂದ ಎರಡು ದಿನವೂ ಸೇರಿ, ಪ್ರತಿ ಬೆಳಿಗ್ಗೆ ನಮ್ಮ ಪ್ರೋಗ್ರಾಂ ಹೊಸ ದರಪಟ್ಟಿಯ ಫೈಲನ್ನೇ ಕೇಳಿತ್ತು. ಹಳೇ ದರದ ಸುಳಿವೇ ಇಲ್ಲ. ನಾನು ಸೆಕ್ರೆಟ್ರಿಗೆ ಫೋನ್ ಮಾಡಿ, "ಮಿಷನ್ ಸರಿಯಾಗಿದೆ. ನಿಮ್ಮ ಕಡೆ ಯಾರಾದ್ರೂ ದರ ಬದಲಾಯಿಸ್ತಾರಾ ನೋಡಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ ಸಾರ್" ಅಂದರು. ಅದನ್ನೇ ಕಾಗದದ ಮೇಲೂ ಬರೆದು, ಸೀಲು ಹಾಕಿ ಕಳಿಸಿದೆ. ಆ ಕಾಗದವನ್ನು ಅವರ ಆಡಳಿತ ಮಂಡಳಿ ಸಭೆಯಲ್ಲಿ ಗಟ್ಟಿಯಾಗಿ ಓದಿದರಂತೆ. ಇದು ನನಗೆ ಗೊತ್ತಾಗಿದ್ದು ತುಂಬಾ ಆಮೇಲೆ.

ಆಫೀಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಾಳೆ. ಕೆಲಸ ಕಲೀಲಿ ಅಂತ ಆ ಲಾಗ್ ಅವಳಿಗೆ ಕೊಟ್ಟಿದ್ದೆ. ನಾನು ಕೊಟ್ಟಿದ್ದು ಸೋಸಿದ ಲಾಗು, ಅವಳು ಮೂಲದ್ದನ್ನೇ ತೆಗೆದುಕೊಂಡು ಕೂತಿದ್ದಳು. "ಸಾರ್, ದಿನಾ ಮೊದಲನೇ ಸಾಲು ಯಾಕೆ ಖಾಲಿ? ಫೈಲ್ ಹೆಸರಿನ ಜಾಗದಲ್ಲಿ ‘ಫಾಲ್ಟ್’ ಅಂತಿದೆ" ಅಂದಳು.

"ಅದು ಹಾಗೇ ಬರುತ್ತೆ, ತಲೆ ಕೆಡಿಸ್ಕೋಬೇಡ" ಅಂದೆ.

ಅವಳು ಸುಮ್ಮನಾದಳು. ನನಗೆ ಗೊತ್ತಿತ್ತು ಆ ಸಾಲುಗಳ ವಿಷಯ. ಎಷ್ಟೋ ವರ್ಷದ ಹಿಂದೆ ಈ ಸ್ಕ್ರಿಪ್ಟ್ ಬರೆದಾಗಲೇ ಅವು ಬರ್ತಾ ಇದ್ದವು. ನೋಡೋಕೆ ಚೆನ್ನಾಗಿರಲ್ಲ ಅಂತ ‘ಫಾಲ್ಟ್’ ಇರೋ ಸಾಲನ್ನೆಲ್ಲಾ ಎತ್ತಿ ಬಿಸಾಡೋಕೆ ಒಂದು ಸಾಲು ಸೇರಿಸಿದ್ದೆ. ಅಕ್ಕಿ ಆರಿಸೋವಾಗ ಕಲ್ಲು ತೆಗೆದ ಹಾಗೆ ಅಂತ ನನ್ನ ಲೆಕ್ಕ. ಕಲ್ಲೋ ಅಕ್ಕಿಯೋ ಅಂತ ಬೆಳಕಿಗೆ ಹಿಡಿದು ನೋಡಿರಲಿಲ್ಲ.

ಎರಡು ದಿನ ಬಿಟ್ಟು ಸಂಜೆ ಜೋರು ಮಳೆ, ಕರೆಂಟ್ ಹೋಗಿ ಯುಪಿಎಸ್ ಕುಯ್ಯೋ ಅಂತಿತ್ತು. ಎಲ್ಲರೂ ಮಳೆ ನಿಲ್ಲೋಕೆ ಕಾಯ್ತಾ ಇದ್ದೆವು. ಅವಳು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದಳು. "ಸಾರ್, ಒಂದು ವಿಚಿತ್ರ ನೋಡಿ." ಐದು ಸಾಲಿನ ಪುಟ್ಟ ಪ್ರೋಗ್ರಾಂ ಬರೆದಿದ್ದಳು. ಒಂದು ಫೈಲ್ ತೆರೆಯೋದು, ಮುಗಿಸೋದು, ಅಷ್ಟೇ. ಕಾವಲುಗಾರ ಆ ಫೈಲಿನ ಹೆಸರು ಹೇಳಲ್ಲ, ‘ಫಾಲ್ಟ್’ ಅಂತಾನೆ. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಅದೇ. ಆಮೇಲೆ ಫೈಲ್ ತೆರೆಯೋ ಮುಂಚೆ ಅದರ ಹೆಸರನ್ನು ಪರದೆಯ ಮೇಲೆ ಪ್ರಿಂಟ್ ಮಾಡೋ ಒಂದು ಸಾಲು ಸೇರಿಸಿದಳು. ಕಾವಲುಗಾರನಿಗೆ ಹೆಸರು ಕಾಣಿಸಿತು! ಪ್ರಿಂಟ್ ತೆಗೆದರೆ ಮತ್ತೆ ‘ಫಾಲ್ಟ್’.

ನನಗೆ ಮೈ ಬೆಚ್ಚಗಾಯ್ತು. ನೋಡೋಕೆ ಹೋದರೆ ಮಾಯವಾಗೋ ತಪ್ಪು ಇದು.

ಮೊದಲು ನನಗೆ ಹೊಳೆದದ್ದು ತಪ್ಪು ಔಷಧಿ. ಮೆಮೊರಿಯಲ್ಲಿ ಎರಡು ಪಾಲು. ಕರ್ನಲ್‌ನ ಪಾಲು ಒಂದು, ಪ್ರೋಗ್ರಾಮುಗಳ ಪಾಲು ಒಂದು. ಫೈಲಿನ ಹೆಸರು ಇರೋದು ಪ್ರೋಗ್ರಾಮಿನ ಪಾಲಿನಲ್ಲಿ. ಕೆಲವು ಬಗೆಯ ಪ್ರೊಸೆಸರುಗಳಲ್ಲಿ ಒಂದೇ ವಿಳಾಸಕ್ಕೆ ಎರಡು ಪಾಲಿನಲ್ಲೂ ಮನೆ ಇರಬಹುದು, ಹಾಗಾಗಿ ಯಾವುದನ್ನು ಓದ್ತಾ ಇದೀವಿ ಅಂತ ಸ್ಪಷ್ಟವಾಗಿ ಹೇಳಬೇಕು. ಅದಕ್ಕೇ 2019ರಲ್ಲಿ 5.3 ಆವೃತ್ತಿಯಲ್ಲಿ ‘ಯೂಸ್ಟ್ರಿಂಗ್’ ಅನ್ನೋ ಹೊಸ ಬಗೆ ಸೇರಿಸಿದರು, ಪ್ರೋಗ್ರಾಮಿನ ಕಡೆಯ ಅಕ್ಷರಸಾಲು ಅಂತ ಅರ್ಥ. ನನ್ನದು ಹಳೇ ಸ್ಕ್ರಿಪ್ಟು, ಬರೀ ‘ಸ್ಟ್ರಿಂಗ್’ ಅಂತಿತ್ತು. "ಇಷ್ಟೇನಾ, ನೋಡು" ಅಂತ ದೊಡ್ಡ ಗತ್ತಿನಲ್ಲಿ ಒಂದು ಅಕ್ಷರ ಸೇರಿಸಿದೆ. ಮೊದಲ ಸಾಲು ಖಾಲಿಯೇ ಇತ್ತು. ಅವಳು ನಗಲಿಲ್ಲ, ಅದು ಅವಳ ದೊಡ್ಡತನ.

ಆ ರಾತ್ರಿ ಮನೆಗೆ ಬಂದು ಕೂತು ಓದಿದೆ. ಕಾರಣ ಹೀಗಿದೆ.

ನಮ್ಮ ಅಜ್ಜಿ ಮನೆಯ ಅಡುಗೆಮನೆಯಲ್ಲಿ ದಿನಾ ಬೇಕಾದ ಡಬ್ಬಗಳು ಕೈಗೆಟುಕೋ ಹಾಗೆ, ಉಳಿದದ್ದೆಲ್ಲ ಅಟ್ಟದ ಮೇಲೆ. ಯಾರಾದರೂ ಕೇಳಿದಾಗಲೇ ಏಣಿ ಹಾಕಿ ಇಳಿಸೋದು. ಲಿನಕ್ಸ್ ಕೂಡ ಹಾಗೇ. ಪ್ರೋಗ್ರಾಂ ಶುರುವಾದಾಗ ಅದನ್ನು ಪೂರ್ತಿ ಕೆಳಗಿಳಿಸಲ್ಲ. 4096 ಬೈಟುಗಳ ಪುಟಗಳಾಗಿ ಮಾಡಿ, ಯಾವ ಪುಟ ಮುಟ್ಟಿದರೋ ಆಗಷ್ಟೇ ಅದನ್ನು ತಂದು ಆ ಪ್ರೋಗ್ರಾಮಿನ ಪುಟಪಟ್ಟಿಯಲ್ಲಿ ಬರೆಯುತ್ತೆ. ಪ್ರೋಗ್ರಾಂ ‘ಈ ಹೆಸರಿನ ಫೈಲ್ ತೆರಿ’ ಅಂದಾಗ ಹೆಸರನ್ನು ತಾನು ಓದಿರೋದೇ ಇಲ್ಲ, ಅದರ ವಿಳಾಸವನ್ನಷ್ಟೇ ಕರ್ನಲ್‌ಗೆ ಕೊಡುತ್ತೆ. ಹೆಸರಿರೋ ಪುಟ ಇನ್ನೂ ಅಟ್ಟದಲ್ಲೇ ಇದೆ. ಹತ್ತನೇ ಸಲ ಓಡಿಸಿದಾಗ ಫೈಲಿನ ವಿಷಯ ಮೆಮೊರಿಯಲ್ಲೇ ಎಲ್ಲೋ ಇರುತ್ತೆ ನಿಜ. ಆದರೆ ಪ್ರತಿ ಓಟಕ್ಕೂ ಹೊಸ ಪುಟಪಟ್ಟಿ, ಅದರಲ್ಲಿ ಈ ಪುಟದ ನಮೂದು ಇನ್ನೂ ಆಗಿರಲ್ಲ.

ನಮ್ಮ ಕಾವಲುಗಾರ ಬಾಗಿಲಲ್ಲೇ ನಿಂತು ಆ ಹೆಸರನ್ನು ಓದೋಕೆ ಹೋಗ್ತಾನೆ. ಪುಟ ಇಲ್ಲ. ಏಣಿ ಹಾಕಿ ಇಳಿಸೋಣ ಅಂದರೆ ಅದಕ್ಕೆ ಕಾಯಬೇಕಾಗಬಹುದು, ಅವನಿಗೆ ಕಾಯೋ ಹಕ್ಕಿಲ್ಲ. ಬ್ರೇಕ್‌ಪಾಯಿಂಟಿಗೆ ಎಡವಿದ ಆ ಗಳಿಗೆಯಲ್ಲಿ ನಿದ್ದೆ ಮಾಡೋ ಹಾಗಿಲ್ಲ, ಡಿಸ್ಕಿಗೆ ಕಾಯೋ ಹಾಗಿಲ್ಲ. ಜಂಬೂಸವಾರಿ ಹೋಗ್ತಾ ಇರೋವಾಗ ಆನೆ ನಿಲ್ಲಿಸಿ, "ಸ್ವಲ್ಪ ಇರಿ, ಇವರ ಹೆಸರು ಮನೆಯಲ್ಲಿ ಬರೆದಿಟ್ಟಿದೀನಿ, ತರ್ತೀನಿ" ಅನ್ನೋಕಾಗುತ್ತಾ? ಕಂಡಷ್ಟು ಬರ್ಕೋಬೇಕು. ಕಾಣದಿದ್ದರೆ ಕಾಣಲಿಲ್ಲ ಅಂತ ಬರೀಬೇಕು. ‘ಫಾಲ್ಟ್’ ಅಂದರೆ ಅಷ್ಟೇ ಅರ್ಥ. ಅಲ್ಲಿ ಫೈಲ್ ಇಲ್ಲ ಅಂತಲ್ಲ, ನನಗೆ ಓದೋಕಾಗಲಿಲ್ಲ ಅಂತ. ಹುಡುಗಿ ಸೇರಿಸಿದ ಪ್ರಿಂಟ್ ಸಾಲು ಹೆಸರನ್ನು ಮೊದಲೇ ಮುಟ್ಟಿ ಅಟ್ಟದಿಂದ ಇಳಿಸಿಬಿಡ್ತಿತ್ತು, ಅದಕ್ಕೇ ಆಗ ಕಾಣ್ತಿತ್ತು.

ಕಾರಣ ಗೊತ್ತಾದ ಮೇಲೆ ಪರಿಹಾರ ಸಣ್ಣದು. ಕಾವಲುಗಾರನನ್ನು ಬಾಗಿಲಿಂದ ಎಬ್ಬಿಸಿ ಎರಡು ಹೆಜ್ಜೆ ಒಳಗೆ ಕೂರಿಸೋದು. ಫೈಲ್ ತೆರೆಯೋ ಮೊದಲು ಕರ್ನಲ್ ತಾನೇ, ಬೇಕಾದರೆ ಕಾದು, ಆ ಹೆಸರನ್ನು ತನ್ನ ಪಾಲಿನ ಮೆಮೊರಿಗೆ ನಕಲು ಮಾಡ್ಕೊಳ್ಳುತ್ತೆ. ಅದಾದ ಮೇಲೆ ಕರೆಯೋ ಒಂದು ಒಳಗಿನ ಫಂಕ್ಷನ್ ಇದೆ, ‘ಡೂ ಫಿಲ್ಪ್ ಓಪನ್’ ಅಂತ. ಅಲ್ಲಿ ಹೆಸರು ಕರ್ನಲ್‌ನ ಸ್ವಂತ ಪುಸ್ತಕದಲ್ಲಿ ಬರೆದಾಗಿರುತ್ತೆ, ಪುಟ ಸಿಗಲ್ಲ ಅನ್ನೋ ಮಾತೇ ಇಲ್ಲ. ಇನ್ನೊಂದು ಲಾಭವೂ ಇದೆ. ಬಾಗಿಲಲ್ಲಿ ನಾವು ಓದಿದ ಮೇಲೆ, ಕರ್ನಲ್ ನಕಲು ಮಾಡೋ ಮುಂಚೆ, ಪ್ರೋಗ್ರಾಂ ಹೆಸರನ್ನು ಬದಲಾಯಿಸಿಬಿಡಬಹುದು. ಒಳಗೆ ಕೂತರೆ ಕರ್ನಲ್ ನಿಜವಾಗಿ ಯಾವ ಹೆಸರು ಬಳಸಿತೋ ಅದೇ ಸಿಗುತ್ತೆ. ಜೊತೆಗೆ ವಾಪಸ್ ಬರೋ ದಾರಿಯಲ್ಲೂ ಒಬ್ಬನನ್ನು ನಿಲ್ಲಿಸಿದೆ. ಕೇಳಿದ್ದು ಸಿಕ್ಕಿತೋ ಇಲ್ಲವೋ ನೋಡೋಕೆ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿದ್ದ ಡಬ್ಬಿಯನ್ನು ಕರೆಂಟ್ ಕಿತ್ತು ಮತ್ತೆ ಹಾಕಿ, ಇಬ್ಬರೂ ಪರದೆ ನೋಡ್ತಾ ಕೂತೆವು. ಮೊದಲ ಸಾಲು ತುಂಬಿ ಬಂತು. ಅದರಲ್ಲಿದ್ದದ್ದು ಡೆಮೋ ದರಪಟ್ಟಿಯ ಫೈಲಿನ ಹೆಸರು.

ಆ ಫೈಲ್ ನಾನೇ ಮಾಡಿದ್ದು. ಮೂರು ವರ್ಷದ ಹಿಂದೆ, ಯಾರಿಗೋ ಡಬ್ಬಿ ತೋರಿಸೋಕೆ ಹೋಗುವಾಗ ದರ ಖಾಲಿ ಕಾಣಬಾರದು ಅಂತ, ಪ್ರೋಗ್ರಾಂ ಶುರುವಾದ ಕೂಡಲೇ ಆ ದರ ತುಂಬಿಕೊಂಡು, ಆಮೇಲೆ ಹೊಸ ದರಪಟ್ಟಿ ಓದೋ ಹಾಗೆ ಬರೆದಿದ್ದೆ. ಮರೆತೇ ಹೋಗಿತ್ತು. ರಾತ್ರಿ ಕರೆಂಟ್ ಹೋಗಿ ಡಬ್ಬಿ ಏಕಾಏಕಿ ಆರಿದರೆ ಬೆಳಿಗ್ಗೆ ಮೆಮೊರಿ ಕಾರ್ಡನ್ನು ತಪಾಸಣೆ ಮಾಡೋಕೆ ಅದಕ್ಕೆ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ನಮ್ಮ ಪ್ರೋಗ್ರಾಂ ಎದ್ದು ಹೊಸ ದರಪಟ್ಟಿ ಕೇಳುತ್ತೆ, ಸಿಗಲ್ಲ, ಡೆಮೋ ದರದಲ್ಲೇ ಉಳಿಯುತ್ತೆ. ವಾಪಸ್ ದಾರಿಯ ಕಾವಲುಗಾರ ಅದನ್ನೂ ಹೇಳಿದ, ‘ಇಲ್ಲ’ ಅಂತ. ನಾನು ಮೊದಲ ಸಲ ನೋಡಿದ್ದು ಏನು ಕೇಳಿತು ಅನ್ನೋದನ್ನು ಮಾತ್ರ. ಏನು ಸಿಕ್ಕಿತು ಅನ್ನೋದು ನಾನು ಎತ್ತಿ ಬಿಸಾಕಿದ ಖಾಲಿ ಸಾಲಿನಲ್ಲಿತ್ತು.

ಹುಡುಗಿ ಏನೂ ಹೇಳಲಿಲ್ಲ. ನಾನೇ "ನೀನು ಹೇಳಿದಾಗಲೇ ಕೇಳಬೇಕಿತ್ತಮ್ಮ" ಅಂದೆ.

ಪ್ರೋಗ್ರಾಂ ಸರಿ ಮಾಡೋದು ಅರ್ಧ ದಿನದ ಕೆಲಸ. ಈಗ ಹೊಸ ದರಪಟ್ಟಿ ಸಿಗದಿದ್ದರೆ ಡಬ್ಬಿ ಚೀಟಿ ಪ್ರಿಂಟ್ ಮಾಡಲ್ಲ, ‘ದರ ಸಿಕ್ಕಿಲ್ಲ, ತಡೆಯಿರಿ’ ಅಂತ ತೋರಿಸಿ ಕಾಯುತ್ತೆ. ಆದರೆ ಸೀಲು ಹಾಕಿದ ಆ ಕಾಗದವನ್ನು ಸರಿ ಮಾಡೋದು ಹೇಗೆ? ಇನ್ನೊಂದು ಕಾಗದ ಬರೆದೆ. ಫೋನ್ ಮಾಡಿದೆ. ಸೆಕ್ರೆಟ್ರಿ ಎಲ್ಲ ಕೇಳಿಸ್ಕೊಂಡು, "ಸಾರ್, ಕಾಗದ ಕಳ್ಸಿ. ಆದ್ರೆ ಒಂದ್ಸಲ ನೀವೇ ಬಂದು ಜನದ ಮುಂದೆ ಹೇಳ್ಬುಡಿ. ನಾನು ಹೇಳಿದ್ರೆ ನಂಬಲ್ಲ" ಅಂದರು. ಬಯ್ದಿದ್ದರೆ ಸುಲಭ ಆಗ್ತಿತ್ತು.

ಬೆಳಿಗ್ಗೆ ಐದಕ್ಕೇ ಮೈಸೂರು ಬಿಟ್ಟೆ. ಚಾಮುಂಡಿ ಬೆಟ್ಟದ ಮೇಲೆ ದೀಪ ಇನ್ನೂ ಉರೀತಾ ಇತ್ತು. ಡೈರಿ ಮುಂದೆ ಕ್ಯಾನು, ಬಿಂದಿಗೆ ಹಿಡಿದು ಜನ ಸಾಲಾಗಿ ನಿಂತಿದ್ದರು. ಸೆಕ್ರೆಟ್ರಿ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು. ಪುಟಪಟ್ಟಿ, ಕೆಪ್ರೋಬ್ ಏನೂ ಹೇಳಲಿಲ್ಲ. "ತಪ್ಪು ದರ ಬಂದಿದ್ದು ನಮ್ಮ ಮಿಷನ್ನಿಂದ, ಇವರಿಂದಲ್ಲ. ಮಿಷನ್ ಸರಿಯಿದೆ ಅಂತ ಕಾಗದ ಕೊಟ್ಟಿದ್ದು ನಾನು, ಸರಿಯಾಗಿ ನೋಡದೆ ಕೊಟ್ಟೆ. ತಪ್ಪಾಯ್ತು. ಕಡಿಮೆ ಬಂದ ದುಡ್ಡನ್ನ ನಮ್ಮ ಆಫೀಸು ಕೊಡುತ್ತೆ" ಅಂದೆ. ನಾಲ್ಕು ವಾಕ್ಯ. ಗಂಟಲು ಒಣಗಿತ್ತು.

ಯಾರೂ ಮಾತಾಡಲಿಲ್ಲ. ಸಾಲಿನ ಮುಂದೆ ನಿಂತಿದ್ದ ಒಬ್ಬ ಅಜ್ಜಿ, "ಅದೆಲ್ಲ ಇರ್ಲಿ ಕಣಪ್ಪ, ದುಡ್ಡು ಯಾವತ್ತು ಬತ್ತದೆ?" ಅಂದರು. ಎಲ್ಲರೂ ನಕ್ಕರು. "ಮುಂದಿನ ಬಟವಾಡೆಗೆ ಸೇರಿಸ್ತೀವಿ ಅಜ್ಜಿ" ಅಂದೆ. ಕೊಟ್ಟೆವು ಕೂಡ. ಸೆಕ್ರೆಟ್ರಿ ನಗಲಿಲ್ಲ. ಒಳಗೆ ಕರೆದು ಲೋಟದಲ್ಲಿ ಕಾಫಿ ಕೊಟ್ಟು, "ಹದಿನೈದು ದಿನ ಯಾರೂ ನನ್ನ ಮನೆ ಕಡೆ ಬರ್ಲಿಲ್ಲ ಸಾರ್. ಬೀಗರು ಕೂಡ ಫೋನ್ ಮಾಡಿ ಕೇಳಿದ್ರು" ಅಂದರು. ಅದಕ್ಕೆ ನನ್ನ ಹತ್ತಿರ ಪರಿಹಾರ ಇರಲಿಲ್ಲ. ಕಾಫಿ ಕುಡಿದು ಬಂದೆ.

ವಾಪಸ್ ಬರ್ತಾ ದಾರಿಯಲ್ಲಿ ಯೋಚನೆ ಮಾಡಿದ್ದು ಇಷ್ಟೇ. ಇಡೀ ಕಥೆಯಲ್ಲಿ ಕರ್ನಲ್ ಒಂದು ಸುಳ್ಳನ್ನೂ ಹೇಳಲಿಲ್ಲ. ಕಂಡದ್ದನ್ನು ಕಂಡೆ ಅಂತು, ಕಾಣದ್ದನ್ನು ಕಾಣಲಿಲ್ಲ ಅಂತು. ಪ್ರತಿ ಕಾವಲಿಗೂ ಎಷ್ಟು ಸಲ ಕೆಲಸ ಮಾಡಿದೆ, ಎಷ್ಟು ಸಲ ತಪ್ಪಿಸಿಕೊಂಡೆ ಅಂತ ಪಕ್ಕಪಕ್ಕದಲ್ಲೇ ಲೆಕ್ಕ ಇಡೋ ಒಂದು ಕಡತವೂ ಅದರಲ್ಲಿದೆ. ಅದನ್ನು ಬರೆದವರಿಗೆ ಗೊತ್ತಿತ್ತು, ನೋಡೋನಿಗೆ ಎಲ್ಲವೂ ಕಾಣಲ್ಲ ಅಂತ. ಗೊತ್ತಿಲ್ಲದೆ ಇದ್ದದ್ದು ನನಗೆ. ಲಾಗ್ ಚೆನ್ನಾಗಿ ಕಾಣಲಿ ಅಂತ ಆ ‘ಕಾಣಲಿಲ್ಲ’ವನ್ನು ಅಳಿಸಿ, ಉಳಿದದ್ದನ್ನೇ ಪೂರ್ತಿ ಸತ್ಯ ಅಂತ ಸೀಲು ಹಾಕಿದೆ.

ಸ್ಕ್ರಿಪ್ಟಿನಿಂದ ಆ ಬಿಸಾಡೋ ಸಾಲನ್ನು ತೆಗೆದಿದ್ದೀನಿ. ಈಗ ಲಾಗಿನ ಕೊನೆಯಲ್ಲಿ ಓದಲಾಗದ ಸಾಲುಗಳು ಎಷ್ಟು ಅಂತ ಬರುತ್ತೆ. ಸೊನ್ನೆ ಇದ್ದರೂ ಬರುತ್ತೆ.

ಅಪ್ಪ ಎಲ್ಲ ಕೇಳಿ ಕೈ ತೊಳೆಯೋಕೆ ಎದ್ದರು. ಬಾಗಿಲ ಹತ್ತಿರ ನಿಂತು, "ಆ ಹುಡುಗಿಗೆ ಸಂಬಳ ಜಾಸ್ತಿ ಮಾಡಿದ್ರಾ?" ಅಂದರು.

ನಾಳೆ ಆಫೀಸಿನಲ್ಲಿ ಮಾತಾಡಬೇಕು :)